ಹಳೆ ಫೋನಿನ ಹಾಡು ಹೊಸ ಫೋನಿಗೆ ಹೆಂಗ ತರೂದು? ಎಲ್ಲಾರಿಗೂ ಒಂದ ಉತ್ತರ

ಹೊಸ ಫೋನ್ ತಗೊಂಡವ್ರು ಎರಡನೇ ದಿನಕ್ಕ ನನಗ ಕಾಲ್ ಮಾಡ್ತಾರ. ಮೊದಲನೇ ದಿನ ಕ್ಯಾಮೆರಾ ನೋಡೂದ್ರಾಗ ಹೋಗಿರ್ತದ. ಎರಡನೇ ದಿನ ಶುರು, "ಅಲ್ಲೋ, ನಿನ್ನ ಹಂತೇಕ ಅಷ್ಟೊಂದು ಹಾಡ ಅದಾವು, ಫೋನ್ ಬದಲಿ ಮಾಡಿದಾಗೆಲ್ಲ ಹೆಂಗ ತರ್ತೀಯಪಾ? ನನ್ನೂವು ಅರ್ಧ ಬಂದಾವ, ಬಂದದ್ದಕ್ಕೂ ಹೆಸರಿಲ್ಲ, ಪ್ಲೇಲಿಸ್ಟ್ ಅಂತೂ ಖಾಲಿ." ಮದುವಿ ಮನ್ಯಾಗ ಊಟಕ್ಕ ಕುಂತಾಗ ಕೇಳ್ಯಾರ, ಗಾಂಧಿ ಚೌಕದಾಗ ಬೈಕ್ ಮ್ಯಾಲ ನಿಂತು ಕೇಳ್ಯಾರ, ಒಬ್ಬರಂತೂ ದವಾಖಾನ್ಯಾಗ ಸಲಾಯಿನ್ ಹಚ್ಚಿದ್ದಾಗ ಕೇಳ್ಯಾರ (ಸಲಾಯಿನ್ ಅವರಿಗೆ, ನಾ ಮಾತಾಡ್ಸಾಕ ಹೋದಾಂವ). ಹೇಳಿ ಹೇಳಿ ಸಾಕಾಗೇದ, ಅದಕ್ಕ ಇಲ್ಲಿ ಬರದ ಇಡ್ತೀನಿ, ಇನ್ನ ಮುಂದ ಕೇಳಿದವ್ರಿಗೆ ಇದನ್ನ ಕಳಸ್ತೀನಿ.

ಉತ್ತರ ಒಂದ ಸಾಲಿಂದು. ನಾ ಫೋನಿಂದ ಫೋನಿಗೆ ಹಾಡು ತರೂದ ಇಲ್ಲ.

ನನ್ನ ಹಂತೇಕ ಸುಮಾರು 6,200 ಹಾಡ ಅದಾವ, ಎಲ್ಲಾ ಕೂಡಿ 38 ಜಿಬಿ. ಅವು ಇರೂದು ಮನ್ಯಾಗಿನ ಹಳೆ ಲಿನಕ್ಸ್ ಕಂಪ್ಯೂಟರಿನ ಒಂದು ಡಿಸ್ಕಿನ್ಯಾಗ, ಅದರ ನಕಲು ಬಾಗಲಕೋಟಿ ನವನಗರದಾಗ ತಂಗಿ ಮನ್ಯಾಗ, ಆಕಿ ಸೀರಿ ಕಪಾಟಿನ್ಯಾಗ. ಫೋನು, ಕಾರು, ಟಿವಿ, ಅಪ್ಪನ ಸ್ಪೀಕರು, ಎಲ್ಲಾ ಆ ಡಿಸ್ಕಿನಿಂದನ ತುಂಬಸ್ಕೋತಾವ, ಯಾವದೂ ತಿರುಗಿ ಅದಕ್ಕ ಏನೂ ಕೊಡೂದಿಲ್ಲ. ನಮ್ಮೂರು ವಿಜಯಪುರದಾಗ ಮುಹಮ್ಮದ ಆದಿಲ್ ಶಾಹ 1651ರಾಗ ಬೇಗಂ ತಲಾಬ್ ಅನ್ನೂ ಕೆರಿ ಕಟ್ಟಿಸಿದ್ದ ನೋಡ್ರಿ, ಅಲ್ಲಿಂದ ಮಣ್ಣಿನ ಕೊಳವಿ ಒಳಗ ನೀರು ಊರಿಗೆ ಬರ್ತಿತ್ತು, ನಡುವ ಗಂಜ್ ಅಂತ ನೀರಿನ ಗೋಪುರ ಅದಾವ, ಅಲ್ಲಿ ರಾಡಿ ಕೆಳಗ ಕುಂತು ತಿಳಿ ನೀರು ಮುಂದ ಹೋಗೂದು. ಅದ ಲೆಕ್ಕ. ಕೆರಿ ಒಂದು, ಹರಿಯೂದು ಒಂದ ಕಡೆ. ಫೋನ್ ಅನ್ನೂದು ಕೊಡ. ಕೊಡ ಒಡೆದ್ರ ಕೆರಿಗೇನು?

ಇದನ್ನ ನಾ ಹುಟ್ಟಾ ಶಾಣ್ಯಾ ಆಗಿ ಕಲ್ತಿದ್ದಲ್ಲ. 2016ರಾಗ ಫೋನು ಕಂಪ್ಯೂಟರು ಎರಡೂ ತಾವ ಒಂದಾಗಿ ಇರ್ಲಿ ಅಂತ ಒಂದು ಸಿಂಕ್ ಪ್ರೋಗ್ರಾಂ ಹಾಕ್ಕೊಂಡಿದ್ದೆ, ಎರಡೂ ಕಡೆ ಸಿಂಕ್ ಅಂತ ಟಿಕ್ ಹಾಕಿ. ಸಂಕ್ರಮಣದಾಗ ಸಿದ್ಧೇಶ್ವರ ಜಾತ್ರಿ, ಮದ್ದು ಸುಡೂದು ವಿಡಿಯೋ ಮಾಡ್ಬೇಕು, ಫೋನಿನ್ಯಾಗ ಜಾಗ ಇಲ್ಲ, ಕಂಪ್ಯೂಟರಿನ್ಯಾಗ ಹೆಂಗೂ ಅದಾವಲ್ಲ ಅಂತ ಎರಡು ಫೋಲ್ಡರ್ ಹಾಡು ಅಳಿಸಿದೆ. ಮನಿಗೆ ಬಂದೆ, ಫೋನ್ ವೈಫೈ ಹಿಡೀತು, ಪ್ರೋಗ್ರಾಂ ಭಾಳ ನಿಯತ್ತಿಲೆ ಕಂಪ್ಯೂಟರಿನ್ಯಾಗೂ ಅವೆರಡು ಫೋಲ್ಡರ್ ಅಳಿಸ್ತು. ಅದರ ತಪ್ಪೇನದ, ನಾ ಹೇಳಿದ್ದ ಮಾಡೇದ. ಅದರಾಗ ನಮ್ಮ ಕಾಕಾನ ಊರಾಗ ಟೇಪಿನ್ಯಾಗ ಹಿಡಿದಿಟ್ಟಿದ್ದ ಡೊಳ್ಳಿನ ಪದ ಇದ್ದು. ಕ್ಯಾಸೆಟ್ಟು ಇನ್ನೂ ಇದ್ದದ್ದಕ್ಕ ಮತ್ತ ಕುಂತು ತಗದೆ, 60 ನಿಮಿಷದ ಕ್ಯಾಸೆಟ್ಟಿಗೆ 60 ನಿಮಿಷನ ಬೇಕು, ಲಗೂ ಮಾಡು ಅಂದ್ರ ಅದು ಕೇಳಂಗಿಲ್ಲ.

"ಈಗ ಎಲ್ಲಾ ಆನ್‌ಲೈನ್ ಅದಲ್ಲ, ಈ ಉಸಾಬರಿ ಯಾಕ" ಅನ್ನವ್ರಿಗೆ ಇದ ಉತ್ತರ, ಕಾಕಾನ ಡೊಳ್ಳಿನ ಪದ ಅಲ್ಲಿಲ್ಲ. ಮತ್ತ ಆ ಆ್ಯಪ್‌ನ್ಯಾಗ ಡೌನ್‌ಲೋಡ್ ಅಂತ ಒತ್ತಿದ್ದು ಹಾಡಿನ ಫೈಲ್ ಅಲ್ರಿ, ಬೀಗ ಹಾಕಿದ ಪೆಟ್ಟಿಗಿ, ಆ ಆ್ಯಪ್ ಬಿಟ್ಟು ಯಾವದರಾಗೂ ತೆರಿಯಂಗಿಲ್ಲ. ಅದನ್ನ ಕಾಪಿ ಮಾಡಾಕ ಹೊಂಟು ತಲಿ ಕೆಡಿಸ್ಕೊಂಡವ್ರು ಭಾಳ ಮಂದಿ.

ಈಗ ಪ್ಲೇಲಿಸ್ಟ್ ಯಾಕ ಖಾಲಿ ಬರ್ತದ ಅಂತ. ಪ್ಲೇಲಿಸ್ಟ್ ಅಂದ್ರ ಹಾಡಿನ ಗಂಟು ಅಂತ ತಿಳ್ಕೊಂಡಿರ್ತಾರ. ಅಲ್ಲ, ಅದು ವಿಳಾಸದ ಚೀಟಿ. ಪ್ಲೇಲಿಸ್ಟಿನ ಫೈಲಿಗೆ ಎಂ3ಯು ಅಂತಾರ, ಅಂಥದೊಂದನ್ನ ನೋಟ್‌ಪ್ಯಾಡಿನ್ಯಾಗ ತಗದು ನೋಡ್ರಿ, ಒಂದೊಂದು ಸಾಲಿಗೆ ಒಂದೊಂದು ಹಾಡು ಯಾವ ಡ್ರೈವ್, ಯಾವ ಫೋಲ್ಡರ್, ಯಾವ ಫೈಲ್ ಅಂತ ಬರದಿರ್ತದ, ಅಷ್ಟ. ನನ್ನ ಒಂದು ಫೋಲ್ಡರಿನ ಹೆಸರು ಬಿಜಾಪುರ ಅಂತಿತ್ತು, ಇಲ್ಲಿ ಕಾರ್ಯಕ್ರಮದಾಗ ಹಿಡಿದ ರೆಕಾರ್ಡಿಂಗ್ ಎಲ್ಲಾ ಅದರಾಗ. 2014ರ ನವೆಂಬರ್ 1ಕ್ಕ ಊರಿನ ಹೆಸರು ವಿಜಯಪುರ ಅಂತ ಆತಲ್ಲ, ನಾನೂ ಹುರುಪಿಲೆ ಫೋಲ್ಡರಿನ ಹೆಸರು ಬದಲಿ ಮಾಡಿದೆ. ಊರಿಗೆ ಬಿಜಾಪುರ ಅಂತ ಬರದ ಪತ್ರ ಇವತ್ತಿಗೂ ಮನಿ ಮುಟ್ತಾವ, ಪೋಸ್ಟ್‌ಮನ್‌ಗೆ ಗೊತ್ತಿರ್ತದ. ಪ್ಲೇಲಿಸ್ಟಿಗೆ ಪೋಸ್ಟ್‌ಮನ್ ಇಲ್ಲ. ಒಂದ ಹೊಡ್ತಕ್ಕ ನಾಕು ಪ್ಲೇಲಿಸ್ಟ್ ಸತ್ತು. ಫೋನಿಗೆ ಹಾಕಿದಾಗೂ ಇದ ಕತಿ, ಅದರಾಗ ಸಿ ಡ್ರೈವ್ ಅನ್ನೂದ ಇರೂದಿಲ್ಲ, ವಿಂಡೋಸಿನ ಗೆರಿ ಹಿಂದಕ್ಕ ವಾಲಿರ್ತದ, ಆಂಡ್ರಾಯ್ಡಿನ್ಯಾಗ ಮುಂದಕ್ಕ ವಾಲಿರ್ತದ. ಅದಕ್ಕ ಪ್ಲೇಲಿಸ್ಟ್ ಫೈಲನ್ನ ಹಾಡಿನ ದೊಡ್ಡ ಫೋಲ್ಡರಿನ ಒಳಗ ಇಡ್ರಿ, ವಿಳಾಸ ಪೂರ್ತಿ ಬರೀಬ್ಯಾಡ್ರಿ, "ಇಲ್ಲಿಂದ ಎರಡನೇ ಮನಿ" ಅನ್ನೂ ಹಂಗ ಅಲ್ಲಿಂದ ಮುಂದಿನ ದಾರಿ ಅಷ್ಟ ಬರೀರಿ, ಗೆರಿ ಮುಂದಕ್ಕ ವಾಲಿದ್ದು ಹಾಕ್ರಿ. ಕನ್ನಡ ಹೆಸರಿದ್ರ ಎಂ3ಯು8 ಅಂತ ಉಳಿಸ್ರಿ. ಆಮ್ಯಾಲ ಆ ದೊಡ್ಡ ಫೋಲ್ಡರ್ ಎಲ್ಲಿಗೆ ಒಯ್ದ್ರೂ ಪ್ಲೇಲಿಸ್ಟ್ ನಡೀತದ.

ಹೆಸರಿನ ತಂಟೆ ಇದಕ್ಕಿಂತ ದೊಡ್ಡದು. ಫೈಲಿನ ಹೆಸರು ಬ್ಯಾರೆ, ಫೈಲಿನ ಹೊಟ್ಟಿ ಒಳಗ ಬರದ ಹೆಸರು ಬ್ಯಾರೆ. ಒಳಗಿಂದಕ್ಕ ಟ್ಯಾಗ್ ಅಂತಾರ, ಪ್ಲೇಯರ್ ತೋರಸೂದು ಅದನ್ನ. ವಾಟ್ಸಾಪಿನ್ಯಾಗ ಕಳಿಸಿದ ಹಾಡು ಎಯುಡಿ, ತಾರೀಖು, ಡಬ್ಲ್ಯುಎ ಅಂತ ನಂಬರ್ ಆಗಿ ಬಂದು ಕುಂದರ್ತದ, ಟ್ಯಾಗ್ ನೆಟ್ಟಗಿದ್ರ ಆಗೂ ಚಿಂತಿ ಇಲ್ಲ, ಯಾವ ಹಾಡು ಅಂತ ತಿಳೀತದ. ಟ್ಯಾಗ್ ಇಲ್ದಿದ್ರ ಆ ಹಾಡು ಅನಾಥ.

ಮೊದಲಿನ ಟ್ಯಾಗು, 1996ರ ಸುಮಾರಿಂದು, ಫೈಲಿನ ಬಾಲಕ್ಕ 128 ಬೈಟ್ ಅಷ್ಟ, ಅದರಾಗ ಹಾಡಿನ ಹೆಸರಿಗೆ 30, ಗಾಯಕರಿಗೆ 30, ಆಲ್ಬಮ್ಮಿಗೆ 30. ಇಂಗ್ಲಿಷಿನವ್ರಿಗೆ ಅಡ್ಡಿ ಇಲ್ಲ. ನಮ್ಮ ಅಕ್ಷರ ಯುಟಿಎಫ್-8 (ಕಂಪ್ಯೂಟರು ಅಕ್ಷರ ಬರದಿಡೂ ಒಂದು ರೀತಿ) ಲೆಕ್ಕದಾಗ ಒಂದೊಂದು ಚಿಹ್ನೆಗೆ 3 ಬೈಟ್ ತಿಂತಾವ, ಒತ್ತಕ್ಷರ ಕೊಂಬು ಎಲ್ಲಾ ಬ್ಯಾರೆ ಬ್ಯಾರೆ. "ಮಲ್ಲಿಕಾರ್ಜುನ" ಅಂದ್ರ 12 ಚಿಹ್ನೆ, 36 ಬೈಟ್. ಮನಸೂರ ಅಂತ ಊರಿನ ಹೆಸರು ದೂರ ಉಳೀತು, ಅವರ ಸ್ವಂತ ಹೆಸರ "ಮಲ್ಲಿಕಾರ್ಜ" ಅಂತ ಕಡ್ಕೊಂಡು ನಿಂದರ್ತದ. ನನ್ನ ಹಳೆ ಕಾರ್ ಸ್ಟೀರಿಯೋದಾಗ ಎಷ್ಟೋ ದಿನ ಪಂಡಿತರು ಹಂಗ ಇದ್ದರು. ಹೊಸ ನಮೂನಿ ಟ್ಯಾಗಿಗೆ ಈ ಅಳತಿ ಇಲ್ಲ, ಐಡಿ3ವಿ2.3 ಅನ್ನೂ ಆವೃತ್ತಿ ಹೆಚ್ಚುಕಡಿಮಿ ಎಲ್ಲಾ ಕಡೆ ನಡೀತದ, ನಾ ಎಂಪಿ3ಟ್ಯಾಗ್ ಪ್ರೋಗ್ರಾಂನ್ಯಾಗ ಎಲ್ಲಾ ಅದಕ್ಕ ತಂದೀನಿ. ಪಿಕಾರ್ಡ್ ಅಂತ ಇನ್ನೊಂದು ಅದ, ಹಾಡು ಕೇಳಿ ಗುರ್ತು ಹಿಡಿದು ತಾನ ಹೆಸರು ತುಂಬ್ತದ, ಸಿನಿಮಾ ಹಾಡಿಗೆ ಛಲೋ. ಡೊಳ್ಳಿನ ಪದಕ್ಕ ಅದು ಬಾಯಿ ಬಿಡಂಗಿಲ್ಲ, ನಾವ ಬರೀಬೇಕು. ಇನ್ನ ಹಿಂದಕ ನುಡಿ ಬರಹ ಫಾಂಟ್ ಕಾಲದಾಗ ಟೈಪ್ ಮಾಡಿದ ಟ್ಯಾಗ್ ಇದ್ರ ಇಂಗ್ಲಿಷ್ ಅಕ್ಷರದ ಉಪ್ಪಿಟ್ಟು ಕಾಣಸ್ತದ, ಅದನ್ನ ಈಗ ಎಲ್ಲಾ ಕಡೆ ನಡಿಯೂ ಯುನಿಕೋಡ್ ಅಕ್ಷರಕ್ಕ ತಿರಿಗಿಸಿ ಹಾಕದ ಗತಿ ಇಲ್ಲ.

ಒಂದ ಒಂದು ಕತಿ ಹೇಳ್ತೀನಿ, ಇದು ನನ್ನ ಎರಡು ರಾತ್ರಿ ನಿದ್ದಿ ತಿಂದದ್ದು. ಗೆಳೆಯನ ಹಳೆ ಮ್ಯಾಕ್‌ನಿಂದ ಆರ್‌ಸಿಂಕ್ ಅನ್ನೂ ಕಾಪಿ ಮಾಡೂ ಪ್ರೋಗ್ರಾಂ ಹಾಕಿ ನನ್ನ ಡಿಸ್ಕಿಗೆ ಹಾಡು ತಂದೆ. ನೋಡ್ತೀನಿ, "ಭೀಮಸೇನ ಜೋಶಿ" ಅಂತ ಎರಡು ಫೋಲ್ಡರ್. ಒಂದ ಜಾಗದಾಗ, ಒಂದ ಹೆಸರು, ಒಂದ ಸ್ಪೆಲ್ಲಿಂಗು. ಕನ್ನಡಕ ಒರಸ್ಕೊಂಡು ನೋಡಿದ್ರೂ ಫರಕ ಇಲ್ಲ. ಒಂದ ಹೆಸರಿಂದು ಎರಡು ಇರಾಕ ಹೆಂಗ ಬಿಡ್ತು ಕಂಪ್ಯೂಟರು? ಆಮ್ಯಾಲ ತಿಳೀತು, ನಮ್ಮ ದೀರ್ಘ ಅದಾವಲ್ಲ, ಅವನ್ನ ಯುನಿಕೋಡಿನ್ಯಾಗ ಎರಡು ರೀತಿ ಬರೀಬಹುದು. ಜೋ ದಾಗಿನ ಓತ್ವ ಒಂದ ಚಿಹ್ನೆ ಅಂತ ಬರೀಬಹುದು, ಇಲ್ಲಾ ಎತ್ವ, ಕೊಂಬಿನ ದೀರ್ಘ, ಬಾಲದ ದೀರ್ಘ ಅಂತ ಮೂರು ತುಂಡು ಜೋಡಿಸಿ ಬರೀಬಹುದು. ಭೀ ಮತ್ತ ಸೇ ಸುದ್ದಾ ಹಂಗ. ಹಳೆ ಮ್ಯಾಕಿನ ಫೈಲ್ ಪದ್ಧತಿ ಒಡದು ತುಂಡು ಮಾಡಿ ಇಡ್ತದ, ಉಳಿದವ್ರು ಸಾಮಾನ್ಯ ಕೂಡಿಸಿ ಇಡ್ತಾರ, ಎರಡೂ ಸರೀನ. ಕಣ್ಣಿಗೆ ಒಂದ, ಯಂತ್ರಕ್ಕ ಬ್ಯಾರೆ. ಪಂಡಿತರ ಹೆಸರಿನ್ಯಾಗ ಮೂರು ಕಡೆ ದೀರ್ಘ, ಮೂರೂ ಕಡೆ ಒಡೆದಿತ್ತು. ಆರ್‌ಸಿಂಕಿಗೆ ಅಕ್ಷರ ಕೂಡಿಸಿ ತಾ ಅಂತ ಹೇಳೂ ಐಕಾನ್ವ್ ಅನ್ನೂ ಆಪ್ಷನ್ ಅದ, ಒಡದು ಬಂದ ಫೋಲ್ಡರ್ ಅಳಿಸಿ, ಅದನ್ನ ಹಾಕಿ ಮತ್ತೊಮ್ಮೆ ತಂದೆ, ಎರಡನೇ ಜೋಶಿಯವ್ರು ಹೋದ್ರು.

ತರೂ ದಾರಿ ಬಗ್ಗೆ ಭಾಳ ಹೇಳೂದಿಲ್ಲ. ಬ್ಲೂಟೂತ್ ಬ್ಯಾಡ, ಸೆಕೆಂಡಿಗೆ 2 ಮೆಗಾಬಿಟ್ ಸಿಕ್ತು ಅಂತ ಹಿಡಿದ್ರೂ ನನ್ನ 38 ಜಿಬಿಗೆ 42 ತಾಸು, ಅಷ್ಟರಾಗ ಸೊಲ್ಲಾಪುರಕ್ಕ ನಡಕೊಂಡ ಹೋಗಿ ಬರಬಹುದು. ವಾಯರ್ ಹಚ್ಚಿದ್ರ ಆಂಡ್ರಾಯ್ಡ್ ಎಂಟಿಪಿ ಅನ್ನೂ ರೀತಿ ಮಾತಾಡ್ತದ, ಅದು ಒಂದ ಸಲಕ್ಕ ಒಂದ ಕೆಲಸ ಮಾಡೂ ಆಸಾಮಿ, ಸಾವಿರ ಸಣ್ಣ ಫೈಲ್ ಕೊಟ್ರ ನಡುವ ಕುಂತಬಿಡ್ತದ, ಕಂತಿನ್ಯಾಗ ಕೊಡ್ರಿ, ಫೋನಿಗೆ ಕಾರ್ಡ್ ಹಾಕೂ ಸವಲತ್ತಿದ್ರ ಕಾರ್ಡ್ ತಗದು ರೀಡರಿಗೆ ಹಾಕಿ ಕಾಪಿ ಮಾಡೂದು ಎಲ್ಲಕ್ಕಿಂತ ಲಗೂ. ಐಫೋನಿನವ್ರು ವಿಎಲ್‌ಸಿ ಹಾಕ್ಕೊಳ್ರಿ, ಅದರಾಗ ವೈಫೈ ಶೇರಿಂಗ್ ಅದ, ಕಂಪ್ಯೂಟರಿನ ಬ್ರೌಸರಿನಿಂದನ ಹಾಡು ಎಳದು ಹಾಕಬಹುದು. ಹಳೆ ಐಪಾಡ್ ಇದ್ದವ್ರು ಹಾಡು ಹೋದ್ವು ಅಂತ ಅಳಬ್ಯಾಡ್ರಿ, ಐಪಾಡ್ ಕಂಟ್ರೋಲ್ ಅನ್ನೂ ಅಡಗಿಸಿಟ್ಟ ಫೋಲ್ಡರಿನ್ಯಾಗ ಎಫ್00, ಎಫ್01 ಅಂತ ಕೋಣಿ ಮಾಡಿ ನಾಕಕ್ಷರದ ಅಡ್ನಾಡಿ ಹೆಸರಿಲೆ ಎಲ್ಲಾ ಇರ್ತಾವ, ಹೊರಗ ತಗದು ಟ್ಯಾಗ್ ನೋಡಿ ಹೆಸರಿಡು ಅಂತ ಪ್ರೋಗ್ರಾಂಗೆ ಹೇಳಿದ್ರಾತು. ಟ್ಯಾಗ್ ನೆಟ್ಟಗಿರಲಿ ಅಂತ ಬಡ್ಕೊಳ್ಳೂದು ಇದಕ್ಕ.

ಇನ್ನ ಅಪ್ಪನ ಸ್ಪೀಕರ್. ಅಂಗೈಯಷ್ಟು ಡಬ್ಬಿ, ಕಾರ್ಡ್ ಹಾಕಿದ್ರ ಹಾಡ್ತದ, ಪರದಿ ಇಲ್ಲ ಏನಿಲ್ಲ. ಅಪ್ಪ ಮುಂಜಾನೆ 5ಕ್ಕ ಎದ್ದು ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳ ಪ್ರವಚನ ಕೇಳ್ತಾರ. 2023ರ ಜನವರಿ 2ಕ್ಕ ಸ್ವಾಮಿಗಳು ಲಿಂಗೈಕ್ಯರಾದ ಮ್ಯಾಲಂತೂ ಒಂದು ದಿನ ಬಿಟ್ಟಿಲ್ಲ. ಒಂದು ತಿಂಗಳ ಪ್ರವಚನ, 30 ಫೈಲ್, ಕಾರ್ಡಿಗೆ ಹಾಕಿ ಕೊಟ್ಟೆ. ನಾಕು ದಿನ ಬಿಟ್ಟು ಅಪ್ಪ ಅಂದ್ರು, "ನಿನ್ನೆ ಮಂಗಳ ಆತು, ಇವತ್ತ ಮತ್ತ ಮೂರನೇ ದಿನದ್ದ ಹೇಳಾಕ ಹತ್ಯಾರಲ್ಲ." ಕಂಪ್ಯೂಟರಿನ್ಯಾಗ ನೋಡಿದ್ರ ಸಾಲಾಗಿ ನಿಂತಾವ. ಹೆಸರು 1, 2, 3 ಅಂತಿದ್ವು, 1 ಆದ ಮ್ಯಾಲ 10 ಹಿಡದಿರಬೇಕು ಅಂತ 01, 02 ಮಾಡಿದೆ. ಏನೂ ಫರಕ ಇಲ್ಲ, ಮರುದಿನ ಮತ್ತ ಅದ.

ಖರೆ ಕಾರಣ ಹೆಸರಲ್ಲ. ಇಂಥ ಸೋವಿ ಪ್ಲೇಯರ್ ಹೆಸರು ಓದೂದ ಇಲ್ಲ. ಕಾರ್ಡಿನ ಫ್ಯಾಟ್32 (ಕಾರ್ಡಿನ್ಯಾಗ ಫೈಲ್ ಜೋಡಿಸಿಡೂ ಒಂದು ಪದ್ಧತಿ) ಪಟ್ಟಿಯೊಳಗ ಫೈಲ್ ಯಾವ ಸಾಲಿನ್ಯಾಗ ಬಂದು ಕುಂತಾವೋ ಅದ ಸಾಲಿನ್ಯಾಗ ಹಾಡ್ತದ, ಮೊದಲು ಕಾಪಿ ಆದದ್ದು ಮೊದಲು, ನಡುವ ಒಂದು ಅಳಿಸಿದ್ರ ಆ ಖಾಲಿ ಜಾಗದಾಗ ಹೊಸದು ಬಂದು ಕುಂದರ್ತದ, ಬಸ್ಸಿನ್ಯಾಗ ಟವಲ್ ತಗದ ಸೀಟ್ ಇದ್ದಂಗ. ಎಲ್ಲಾ ಒಮ್ಮೆಲೆ ಹಿಡಿದು ಎಳದು ಹಾಕಿದ್ರ ಯಾವದು ಮೊದಲು ಹೋಗ್ತದ ಅನ್ನೂ ಭರೋಸೆ ಇಲ್ಲ. ಕಾರ್ಡ್ ಫಾರ್ಮ್ಯಾಟ್ ಮಾಡಿ ಒಂದೊಂದ ಫೈಲ್ ಸಾಲಾಗಿ ಕಾಪಿ ಮಾಡ್ರಿ, ಇಲ್ಲಾ ಲಿನಕ್ಸಿನ್ಯಾಗ ಫ್ಯಾಟ್‌ಸಾರ್ಟ್ ಅಂತ ಅದ, ಒಂದ ಕ್ಷಣಕ್ಕ ಪಟ್ಟಿ ಜೋಡಿಸಿ ಕೊಡ್ತದ, ಅದನ್ನ ನಡಸೂ ಮುಂದ ಕಾರ್ಡ್ ಅನ್‌ಮೌಂಟ್ ಮಾಡಿರಬೇಕು (ಕಾರ್ಡ್ ಹಚ್ಚಿದ್ದ ಇರಲಿ, ಕಂಪ್ಯೂಟರಿನ್ಯಾಗ ತೆರದಿರಬಾರದು). ಜೋಡಿಸಿ ಕೊಟ್ಟೆ. ಅಪ್ಪ ಒಂದು ವಾರ ಕೇಳಿ, "ಈಗ ಸಾಲಾಗಿ ಬರಾಕ ಹತ್ತೇದ, ಆದ್ರ ನಾಳೆ ಯಾವದು ಬರ್ತದೋ ಅಂತ ಒಂದು ಕುತೂಹಲ ಇತ್ತು, ಅದು ಹೋತು ನೋಡು" ಅಂದ್ರು.

ಕಾರ್ಡ್ ತರೂ ಮುಂದ ಒಂದ ಮಾತು. 64 ಜಿಬಿ ಮತ್ತ ಅದಕ್ಕಿಂತ ದೊಡ್ಡ ಕಾರ್ಡ್ ಎಕ್ಸ್‌ಫ್ಯಾಟ್ ಅನ್ನೂ ಬ್ಯಾರೆ ಪದ್ಧತಿಯಾಗ ಬರ್ತಾವ, ಹಳೆ ಕಾರು, ಇಂಥ ಡಬ್ಬಿ ಅದನ್ನ ಗುರ್ತ ಹಿಡ್ಯಂಗಿಲ್ಲ, "ಕಾರ್ಡ್ ಕೆಟ್ಟದ" ಅಂತ ಅಂಗಡಿಯವ್ರ ಕೂಡ ಜಗಳಾಡ್ಬ್ಯಾಡ್ರಿ. ಡಬ್ಬಿಗೆ 32 ಜಿಬಿದ ತಗೋರಿ. ಈ ಐತವಾರ ಇಂಡಿ ಊರಿನಿಂದ ಮಾವ ಬರಾಂವ ಇದ್ದಾನ, ಹೊಸ ಫೋನ್ ತಗೊಂಡಾನಂತ, 128 ಜಿಬಿ ಕಾರ್ಡೂ ತಂದಾನಂತ, ಅಪ್ಪನಂಥದ ಸ್ಪೀಕರಿಗೆ.