ಅಪ್ಪನ ಡಬ್ಬ, ನನ್ನ ಪಿಕಪ್

ಭಾನುವಾರ ಬೆಳಿಗ್ಗೆ ಪಿಕಪ್‌ನ ಬಾನೆಟ್ ಎತ್ತಿ ನಿಲ್ಲಿಸಿದ್ದೆ. ಹತ್ತು ನಿಮಿಷ ಓಡಿಸಿ ಎಂಜಿನ್ ಬೆಚ್ಚಗೆ ಮಾಡಿಕೊಂಡಿದ್ದೆ. ಬೆಚ್ಚಗಿದ್ದರೆ ಹಳೇ ಆಯಿಲ್ ಚೆನ್ನಾಗಿ ಇಳಿಯುತ್ತದೆ. ಅಡಿಯಲ್ಲಿ ಟ್ರೇ ಇಟ್ಟು ಡ್ರೈನ್ ಬೋಲ್ಟ್ ಬಿಚ್ಚಿದೆ. ಕಪ್ಪು ಆಯಿಲ್ ಮೊದಲು ಧಾರೆಯಾಗಿ, ಆಮೇಲೆ ದಾರದಷ್ಟು ಸಣ್ಣಗೆ ಇಳಿಯಿತು.

ಗಾಡಿ ನನ್ನ ಕೈಗೆ ಬಂದು ಮೂರು ತಿಂಗಳಾಗಿತ್ತು. ಸೆಕೆಂಡ್ ಹ್ಯಾಂಡ್ ಡೀಸೆಲ್ ಪಿಕಪ್. ಟರ್ಬೊ ಇದೆ, ಸೈಲೆನ್ಸರ್ ದಾರಿಯಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇದೆ. ಹಿಂದಿನವರು ಯಾವ ಆಯಿಲ್ ಹಾಕಿದ್ದರೋ ಗೊತ್ತಿರಲಿಲ್ಲ. ಹಾಗಾಗಿ ಅವಧಿ ಮುಗಿಯುವ ತನಕ ಕಾಯದೆ ನಾನೇ ಬದಲಿಸಿಬಿಡೋಣ ಅಂದುಕೊಂಡೆ.

ಹೊಸ ಆಯಿಲ್ ಆಗಲೇ ಪಕ್ಕದಲ್ಲಿತ್ತು. ಅಪ್ಪನ ಹಳೇ ಪಿಕಪ್ ಈಗ ಅಣ್ಣನ ಹತ್ತಿರ ಇದೆ. ಅದಕ್ಕೆ ಅಂತ ಇಟ್ಟಿದ್ದ, ಸೀಲ್ ಒಡೆಯದ ದೊಡ್ಡ ಡಬ್ಬವನ್ನು ಅಣ್ಣ ತಂದುಕೊಟ್ಟಿದ್ದ. 15ಡಬ್ಲ್ಯೂ-40, ಅಂದರೆ ಆಯಿಲ್ ಎಷ್ಟು ದಪ್ಪ ಅಂತ ಹೇಳುವ ಗ್ರೇಡ್. ಅಪ್ಪ ಇದ್ದಷ್ಟು ದಿನ ಬೇರೆ ಗ್ರೇಡ್ ಮುಟ್ಟಲಿಲ್ಲ. ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್ ಎಳೆದು, ತುದಿಯ ಹನಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡುತ್ತಿದ್ದರು. ಎಷ್ಟು ಜಾರುತ್ತದೆ, ಮರಳಿನ ಹಾಗೆ ಏನಾದರೂ ಸಿಗುತ್ತದಾ ಅಂತ ನೋಡುವುದು. ನಮ್ಮಿಬ್ಬರಿಗೂ ಆ ಬೆರಳುಗಳೇ ಕಣ್ಣ ಮುಂದೆ ಬರುತ್ತವೆ. "ಲೋಡ್ ಗಾಡಿಗೆ ದಪ್ಪ ಆಯಿಲ್ ಇರಬೇಕು ಕಣೋ" ಅಂದ ಅಣ್ಣ. ನಾನೂ ಹೂಂ ಅಂದೆ.

ಇಳಿದ ಆಯಿಲನ್ನು ಹಳೇ ಕ್ಯಾನ್‌ಗಳಿಗೆ ತುಂಬಿಸುವಾಗ ಏನೋ ಸರಿ ಇಲ್ಲ ಅನ್ನಿಸಿತು. ಅದನ್ನು ಚರಂಡಿಗೋ ಮಣ್ಣಿಗೋ ಸುರಿಯುವ ಹಾಗಿಲ್ಲ, ಸ್ವಲ್ಪವೇ ಆದರೂ ತುಂಬಾ ನೀರು ಕೆಡಿಸುತ್ತದೆ. ಹಳೇ ಆಯಿಲ್ ತೆಗೆದುಕೊಳ್ಳುವವರಿಗೆ ಕೊಡಲು ಲೀಟರ್ ಗುರುತಿರುವ ಕ್ಯಾನ್‌ಗಳಲ್ಲಿ ತುಂಬುತ್ತಿದ್ದೆ. ಏಳು ಲೀಟರ್ ದಾಟಿತು. ಟ್ರೇಯಲ್ಲಿ ಇನ್ನೂ ಉಳಿದಿತ್ತು.

ಅಣ್ಣನಿಗೆ ಖುಷಿ. "ನೋಡು, ಒಂದು ಹನಿ ಆಯಿಲ್ ತಿಂದಿಲ್ಲ. ಒಳ್ಳೇ ಎಂಜಿನ್."

ನಾನು ಬೆರಳಿಗೆ ಸ್ವಲ್ಪ ಹಚ್ಚಿಕೊಂಡು ಮೂಸಿದೆ. ಡೀಸೆಲ್ ವಾಸನೆ. ತೆಳುವಾಗಿಯೂ ಇತ್ತು. ಕಪ್ಪಗಿದ್ದದ್ದು ನನಗೆ ಚಿಂತೆಯಲ್ಲ. ಡೀಸೆಲ್ ಎಂಜಿನ್‌ನಲ್ಲಿ ಹೊಸ ಆಯಿಲ್ ಕೂಡ ಸ್ವಲ್ಪ ಓಡುವಷ್ಟರಲ್ಲಿ ಕಪ್ಪಾಗುತ್ತದೆ. ಮಸಿಯನ್ನು ಎಲ್ಲೂ ಅಂಟಲು ಬಿಡದೆ ತನ್ನಲ್ಲೇ ಹಿಡಿದಿಟ್ಟುಕೊಳ್ಳುವುದು ಅದರ ಕೆಲಸವೇ. ಆದರೆ ಹಾಕಿದ್ದಕ್ಕಿಂತ ಜಾಸ್ತಿ ಆಯಿಲ್ ಹೊರಗೆ ಬರುವುದು ಹೇಗೆ? ಈ ಎಂಜಿನ್ ಎಷ್ಟು ಹಿಡಿಯುತ್ತದೆ ಅಂತ ನೋಡಲು ಡ್ಯಾಶ್‌ಬೋರ್ಡ್ ಪೆಟ್ಟಿಗೆಯಿಂದ ಗಾಡಿಯ ಪುಸ್ತಕ ತೆಗೆದೆ. ಮೂರು ತಿಂಗಳಲ್ಲಿ ಅದನ್ನು ಬಿಡಿಸಿದ್ದು ಅವತ್ತೇ ಮೊದಲು.

ಕೊನೆಯ ಪುಟಗಳಲ್ಲಿ ಒಂದು ಕೋಷ್ಟಕ. ಎಂಜಿನ್ ಆಯಿಲ್, ಫಿಲ್ಟರ್ ಸೇರಿ: 6.5 ಲೀಟರ್. ಅದರ ಪಕ್ಕದಲ್ಲೇ ಇನ್ನೊಂದು ಸಾಲು: 5ಡಬ್ಲ್ಯೂ-30, ಎಸಿಇಎ ಸಿ3. ಎಸಿಇಎ ಅಂದರೆ ಯುರೋಪಿನ ಗಾಡಿ ತಯಾರಕರ ಸಂಘ, ಸಿ3 ಅವರ ಒಂದು ಆಯಿಲ್ ದರ್ಜೆ.

ಡಬ್ಬ ತಿರುಗಿಸಿ ಹಿಂಬದಿ ನೋಡಿದೆ. 15ಡಬ್ಲ್ಯೂ-40, ಎಪಿಐ ಸಿಐ-4. ಎಪಿಐ ಅನ್ನುವುದು ಅಮೆರಿಕದವರ ದರ್ಜೆ. ಸಿ3 ಅನ್ನೋ ಮಾತೇ ಇಲ್ಲ. ಗಾಡಿಯಲ್ಲಿ ಒಂದು ಹನಿ ಆಯಿಲ್ ಇರಲಿಲ್ಲ, ಆಯಿಲ್ ಫಿಲ್ಟರನ್ನೂ ಬಿಚ್ಚಿದ್ದೆ. ಬೋಲ್ಟ್ ನನ್ನ ಕೈಯಲ್ಲೇ ಇತ್ತು.

"ಒಂದು ಸಲ ಹಾಕಿದರೆ ಏನಾಗಲ್ಲ ಬಿಡು" ಅಂದ ಅಣ್ಣ. ತಕ್ಷಣಕ್ಕೆ ಏನೂ ಆಗುವುದಿಲ್ಲ ಅನ್ನುವುದು ನಿಜವೇ. ಇಂಥ ತಪ್ಪು ಅವತ್ತೇ ಸದ್ದು ಮಾಡುವುದಿಲ್ಲ. ನಾನು ಮೆಟ್ಟಿಲ ಮೇಲೆ ಕೂತು ಡಿಪಿಎಫ್ ಬಗ್ಗೆ ಬರೆದಿದ್ದನ್ನು ಪೂರ್ತಿ ಓದಿದೆ.

ಓದುತ್ತಾ ಹೋದ ಹಾಗೆ ಡೀಸೆಲ್ ವಾಸನೆಗೂ ಉತ್ತರ ಸಿಕ್ಕಿತು. ಡಿಪಿಎಫ್ ಅಂದರೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ಕೊಳವೆಗಳಿರುವ ಫಿಲ್ಟರ್. ಅದು ತುಂಬುತ್ತಾ ಬಂದಾಗ ಎಂಜಿನ್ ತಾನಾಗಿಯೇ ಸ್ವಲ್ಪ ಹೆಚ್ಚು ಡೀಸೆಲ್ ಬಿಟ್ಟು ಹೊಗೆಯ ಬಿಸಿಯನ್ನು 600 ಡಿಗ್ರಿಯ ಹತ್ತಿರಕ್ಕೆ ಏರಿಸಿ ಮಸಿಯನ್ನು ಸುಡುತ್ತದೆ. ಹೀಗೆ ಬಿಟ್ಟ ಡೀಸೆಲ್‌ನಲ್ಲಿ ಸ್ವಲ್ಪ ಸಿಲಿಂಡರ್ ಗೋಡೆಯಿಂದ ಜಾರಿ ಆಯಿಲ್‌ಗೆ ಸೇರಿಕೊಳ್ಳಬಹುದು. ಗಾಡಿ ಬರೀ ಹತ್ತಿರದ ಓಡಾಟದಲ್ಲೇ ಇದ್ದರೆ ಸುಡುವ ಕೆಲಸ ಮತ್ತೆ ಮತ್ತೆ ಅರ್ಧಕ್ಕೆ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ, ಡೀಸೆಲ್ ಸೇರುತ್ತಲೇ ಹೋಗುತ್ತದೆ. ನನ್ನ ಓಡಾಟವೂ ಅಂಥದ್ದೇ ಇತ್ತು. ಅಣ್ಣ ಖುಷಿಪಟ್ಟ ಆ ಅರ್ಧ ಲೀಟರಿಗೂ ಮೀರಿದ ಹೆಚ್ಚಳ ಡೀಸೆಲ್ಲೇ ಇರಬೇಕು.

ಮಸಿ ಸುಟ್ಟು ಹೋಗುತ್ತದೆ. ಬೂದಿ ಹೋಗುವುದಿಲ್ಲ. ಈ ಒಂದು ಮಾತು ನನ್ನನ್ನು ತಡೆಯಿತು. ಆಯಿಲ್‌ನಲ್ಲಿ ಕೊಳೆ ತೊಳೆಯಲು, ಸವೆತ ತಡೆಯಲು ಕ್ಯಾಲ್ಸಿಯಂ, ಮೆಗ್ನೀಷಿಯಂ, ಸತು ಇರುವ ವಸ್ತುಗಳನ್ನು ಬೆರೆಸಿರುತ್ತಾರೆ. ಪ್ರತಿ ಎಂಜಿನ್ನೂ ಚೂರು ಆಯಿಲ್ ಸುಡುತ್ತದೆ. ಸುಟ್ಟಾಗ ಆ ಲೋಹಗಳು ಬೂದಿಯಾಗಿ ಡಿಪಿಎಫ್‌ನಲ್ಲಿ ಕೂರುತ್ತವೆ. ಎಷ್ಟು ಬಿಸಿ ಮಾಡಿದರೂ ಹೋಗುವುದಿಲ್ಲ, ಬಿಚ್ಚಿಯೇ ತೊಳೆಯಬೇಕು ಇಲ್ಲವೇ ಬದಲಿಸಬೇಕು. ಅದಕ್ಕೇ ಸಿ3 ಆಯಿಲ್‌ನಲ್ಲಿ ಬೂದಿ ಶೇಕಡಾ 0.8 ದಾಟಬಾರದು ಅಂತ ಮಿತಿ ಇಟ್ಟಿದ್ದಾರೆ. ಸಿಐ-4 ಬಂದಿದ್ದು 2002ರಲ್ಲಿ, ಇಂಥ ಫಿಲ್ಟರ್‌ಗಳನ್ನು ಯೋಚಿಸಿ ಮಾಡಿದ್ದಲ್ಲ. ಡಿಪಿಎಫ್ ಲೆಕ್ಕಕ್ಕೆ ತೆಗೆದುಕೊಂಡು ಬಂದಿದ್ದು ಆಮೇಲಿನ ಸಿಜೆ-4, 2006ರಲ್ಲಿ. ಅದಾದ ಮೇಲೆ 2016ರ ಕೊನೆಗೆ ಸಿಕೆ-4 ಬಂತು. ಅವೆರಡರಲ್ಲೂ ಬೂದಿಗೆ ಶೇಕಡಾ 1ರ ಮಿತಿ ಇದೆ. ಅಪ್ಪನ ಡಬ್ಬದ ಆಯಿಲ್ ಕೆಟ್ಟದ್ದಲ್ಲ. ಅದು ಬೇರೆ ಕಾಲದ ಎಂಜಿನ್‌ಗೆ ಮಾಡಿದ ಒಳ್ಳೇ ಆಯಿಲ್.

ಅಣ್ಣ ಬೂದಿಯ ಮಾತು ಒಪ್ಪಿದ. ದಪ್ಪದ ಮಾತು ಬಿಡಲಿಲ್ಲ. "30ಕ್ಕಿಂತ 40 ಜಾಸ್ತಿ ಅಲ್ವಾ? ಲೋಡ್ ಎಳೆಯುವಾಗ ತೆಳು ಆಯಿಲ್ ನಿಲ್ಲುತ್ತದಾ?"

ಕೇಳಬೇಕಾದ ಪ್ರಶ್ನೆಯೇ ಅದು. ಡಬ್ಬದ ಮೇಲಿನ ಎರಡು ಅಂಕಿ ಎರಡು ಬೇರೆ ಹೊತ್ತಿನ ಮಾತು ಹೇಳುತ್ತವೆ. ಡಬ್ಲ್ಯೂ ಜೊತೆ ಇರುವುದು ಚಳಿಯದ್ದು. ಅದು ಕಡಿಮೆ ಇದ್ದಷ್ಟೂ ತಣ್ಣಗಿನ ಎಂಜಿನ್‌ನಲ್ಲಿ ಆಯಿಲ್ ಬೇಗ ಮೇಲೇರುತ್ತದೆ. ಎರಡನೆಯದು 100 ಡಿಗ್ರಿ ಬಿಸಿಯಲ್ಲಿ ಆಯಿಲ್ ಎಷ್ಟು ದಪ್ಪ ಇರುತ್ತದೆ ಅನ್ನುವುದು. ಅಲ್ಲಿ 40 ನಿಜವಾಗಿಯೂ 30ಕ್ಕಿಂತ ದಪ್ಪ. ಆದರೆ ಬೇರಿಂಗ್ ಒಳಗೆ, ಭಾರ ಬಿದ್ದು ಉಜ್ಜುವ ಜಾಗದಲ್ಲಿ ಪದರ ನಿಲ್ಲುತ್ತದೋ ಇಲ್ಲವೋ ಅಂತ 150 ಡಿಗ್ರಿಯಲ್ಲಿ ಬೇರೆಯೇ ಪರೀಕ್ಷೆ ಇದೆ. ಮಾಮೂಲಿ 30 ಗ್ರೇಡ್ ಅದರಲ್ಲಿ 2.9 ಸೆಂಟಿಪಾಯ್ಸ್ (ದಪ್ಪದ ಅಳತೆ) ಮುಟ್ಟಿದರೆ ಸಾಕು. ಸಿ3 ಆಗಬೇಕಾದರೆ ಕನಿಷ್ಠ 3.5 ಬೇಕು. ಅಂದರೆ ಸಿ3 ಅಂತ ಬರೆದಿರುವ 5ಡಬ್ಲ್ಯೂ-30, ಅಣ್ಣ ಹೆದರಿದಷ್ಟು ತೆಳು ಅಲ್ಲ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಬೈಕ್ ಕೀ ನನ್ನ ಕೈಗಿಟ್ಟ. "ಹೋಗು, ನಾನು ಫಿಲ್ಟರ್ ನೋಡಿಕೊಳ್ತೀನಿ."

ಆಯಿಲ್ ಹುಡುಕಿಕೊಂಡು ಹೋದಲ್ಲಿ ಇನ್ನೊಂದು ಕಷ್ಟ ಎದುರಾಯಿತು. 5ಡಬ್ಲ್ಯೂ-30 ಎರಡು ಬಗೆ ಇತ್ತು. ಎರಡರ ಮೇಲೂ ಫುಲ್ಲಿ ಸಿಂಥೆಟಿಕ್ ಅಂತ ದೊಡ್ಡಕ್ಷರ. "ಎರಡೂ ಒಂದೇ, ಯಾವುದಾದ್ರೂ ತಗೊಳ್ಳಿ" ಅಂದರು ಮಾರುವವರು. ಹಿಂಬದಿ ನೋಡಿದರೆ ಒಂದರಲ್ಲಿ ಎಪಿಐ ಎಸ್‌ಪಿ ಅಂತ ಮಾತ್ರ ಇತ್ತು. ಅದು 2020ರಲ್ಲಿ ಬಂದ ಪೆಟ್ರೋಲ್ ಎಂಜಿನ್‌ಗಳ ದರ್ಜೆ. ಎಪಿಐ ಹೆಸರುಗಳಲ್ಲಿ ಎಸ್ ಅಕ್ಷರದಿಂದ ಶುರುವಾದರೆ ಪೆಟ್ರೋಲ್‌ಗೆ, ಸಿ ಇಂದ ಶುರುವಾದರೆ ಡೀಸೆಲ್‌ಗೆ. ಇನ್ನೊಂದರ ಹಿಂಬದಿ ಎಸಿಇಎ ಸಿ3 ಅಂತ ಸಣ್ಣಕ್ಷರದಲ್ಲಿ ಇತ್ತು. ಗ್ರೇಡ್ ಒಂದೇ, ಡಬ್ಬದ ಮುಂಭಾಗ ನೋಡಿದರೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಸಿಂಥೆಟಿಕ್ ಅನ್ನುವ ಮಾತು ನಿಮ್ಮ ಎಂಜಿನ್‌ಗೆ ಅದು ಹೊಂದುತ್ತದಾ ಅಂತ ಹೇಳುವುದಿಲ್ಲ. ಎರಡನೆಯದನ್ನು ತೆಗೆದುಕೊಂಡೆ. ಡ್ರೈನ್ ಬೋಲ್ಟ್‌ಗೆ ಒಂದು ಹೊಸ ವಾಷರ್ ಕೂಡ.

ವಾಪಸ್ ಬಂದಾಗ ಅಣ್ಣ ಹಳೇ ಫಿಲ್ಟರ್ ತೋರಿಸಿದ. ಅದರ ರಬ್ಬರ್ ರಿಂಗ್ ಇರಲಿಲ್ಲ. ಎಂಜಿನ್ ಕಡೆಯೇ ಅಂಟಿಕೊಂಡು ಉಳಿದಿತ್ತು. ಕಪ್ಪು ಲೋಹದ ಮೇಲೆ ಕಪ್ಪು ರಬ್ಬರ್, ಬೆರಳು ಆಡಿಸಿದರೆ ಮಾತ್ರ ಗೊತ್ತಾಗುವ ಹಾಗೆ. ಅದರ ಮೇಲೆ ಹೊಸ ಫಿಲ್ಟರ್ ಕೂರಿಸಿದ್ದರೆ ಎರಡು ರಿಂಗ್ ಆಗಿ, ಸ್ಟಾರ್ಟ್ ಮಾಡುತ್ತಿದ್ದ ಹಾಗೆ ಆಯಿಲ್ ಚಿಮ್ಮಿ ನೆಲದ ಮೇಲೆ ಇರುತ್ತಿತ್ತು. ಅವನು ಅದನ್ನು ನಿಧಾನಕ್ಕೆ ಕಿತ್ತು, ಜಾಗ ಒರೆಸಿ, ಹೊಸ ರಿಂಗ್‌ಗೆ ಆಯಿಲ್ ಸವರಿ ಕೈಯಲ್ಲೇ ಬಿಗಿ ಮಾಡಿದ.

ಆರು ಲೀಟರ್ ಹಾಕಿ ನಿಲ್ಲಿಸಿದೆ. ಎಂಜಿನ್ ಎರಡು ನಿಮಿಷ ಓಡಿಸಿ, ಆಫ್ ಮಾಡಿ, ಹತ್ತು ನಿಮಿಷ ಕಾದು ಡಿಪ್‌ಸ್ಟಿಕ್ ನೋಡಿದೆ. ಆಮೇಲೆ ಸ್ವಲ್ಪ ಸ್ವಲ್ಪವೇ ಹಾಕುತ್ತಾ ಮೇಲಿನ ಗುರುತಿನ ಚೂರು ಕೆಳಗೆ ತಂದೆ. ಜಾಸ್ತಿ ಹಾಕುವುದೂ ಒಳ್ಳೆಯದಲ್ಲ. ಕ್ರ್ಯಾಂಕ್ ಬಡಿದು ಆಯಿಲ್ ನೊರೆಯಾದರೆ ಪಂಪ್‌ಗೆ ಗಾಳಿ ಸಿಗುತ್ತದೆ. ಲಕ್ಷಕ್ಕಿಂತ ಹೆಚ್ಚು ಆರ್‌ಪಿಎಂನಲ್ಲಿ ತಿರುಗುವ ಟರ್ಬೊ ಶಾಫ್ಟ್ ತೇಲುವುದು ಇದೇ ಆಯಿಲ್ ಪದರದ ಮೇಲೆ.

ಮಧ್ಯಾಹ್ನ ಅಣ್ಣನಿಗೆ ಇನ್ನೊಂದು ಯೋಚನೆ ಬಂತು. ಅಪ್ಪನ ಡಬ್ಬದ ಸೀಲ್ ಅವನೇ ಒಡೆದ. ಎರಡು ಸಣ್ಣ ಗಾಜಿನ ಬಾಟಲಿಯಲ್ಲಿ ಎರಡೂ ಆಯಿಲ್ ಹಾಕಿ, ಬಿಗಿಯಾಗಿ ಮುಚ್ಚಿ ಫ್ರೀಜರ್‌ನಲ್ಲಿಟ್ಟ. ಸಂಜೆ ತೆಗೆದು ಎರಡನ್ನೂ ಒಟ್ಟಿಗೆ ಓರೆ ಮಾಡಿದ. 5ಡಬ್ಲ್ಯೂ-30 ಗಾಜಿನ ಮೇಲೆ ಸಲೀಸಾಗಿ ಹರಿಯಿತು. 15ಡಬ್ಲ್ಯೂ-40 ಜೇನುತುಪ್ಪದ ಹಾಗೆ ಒಂದೇ ಮುದ್ದೆಯಾಗಿ ಬಾಗಿ, ನಿಧಾನಕ್ಕೆ ಅಂಚಿನ ಕಡೆ ತೆವಳಿತು. ಫ್ರೀಜರ್ ಇರುವುದು ಮೈನಸ್ 18ರ ಆಸುಪಾಸು. ಅಷ್ಟು ಚಳಿ ಬೀಳದ ಕಡೆ ವ್ಯತ್ಯಾಸ ಇಷ್ಟು ಇರುವುದಿಲ್ಲ, ಅದನ್ನೂ ಹೇಳಬೇಕು. ಕೆಲವು ಗಾಡಿಗಳ ಪುಸ್ತಕದಲ್ಲಿ ಹವೆಗೆ ತಕ್ಕಂತೆ ಎರಡು ಮೂರು ಗ್ರೇಡ್ ಕೊಟ್ಟಿರುವುದೂ ಅದಕ್ಕೇ. ನನ್ನ ಮಟ್ಟಿಗೆ ಬೂದಿಯ ವಿಷಯವೇ ದೊಡ್ಡದು. ಆದರೂ ಅಣ್ಣ ಆ ಬಾಟಲಿಗಳನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡುತ್ತಾ ನಿಂತ.

ಒಂದು ತುಂಡು ಟೇಪ್ ಮೇಲೆ 5ಡಬ್ಲ್ಯೂ-30, ಸಿ3, 6.5 ಲೀಟರ್, ಇವತ್ತಿನ ತಾರೀಕು, ಕಿಲೋಮೀಟರ್ ಬರೆದು ಬಾನೆಟ್ ಒಳಗೆ ಅಂಟಿಸಿದೆ. ವಾರಕ್ಕೊಮ್ಮೆಯಾದರೂ ದೂರ ಓಡಿಸಬೇಕು, ಮುಂದಿನ ಸಲ ಪುಸ್ತಕದ ಅವಧಿಗಿಂತ ಮೊದಲೇ ಬದಲಿಸಬೇಕು ಅಂತಲೂ ತೀರ್ಮಾನ ಮಾಡಿದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಮತ್ತೆ ಮೇಲೇರುತ್ತಿದೆಯಾ ಅಂತ ಈಗ ಪ್ರತಿ ವಾರ ನೋಡುತ್ತೇನೆ.

ಅಣ್ಣ ತನ್ನ ಗಾಡಿಗೆ ಹೋಗಿ ಅದರ ಪುಸ್ತಕ ತಂದ. ರಟ್ಟು ಕಿತ್ತು ಹೋಗಿತ್ತು, ಪುಟಗಳಿಗೆ ಆಯಿಲ್ ಕಲೆ. ಆಯಿಲ್ ಕೋಷ್ಟಕದ ಪುಟ ಹುಡುಕುವ ಕೆಲಸವೇ ಬೀಳಲಿಲ್ಲ, ಅದು ತಾನಾಗಿಯೇ ತೆರೆದುಕೊಂಡಿತು. 15ಡಬ್ಲ್ಯೂ-40 ಅನ್ನುವ ಸಾಲಿನ ಕೆಳಗೆ ಪೆನ್ಸಿಲ್ ಗೆರೆ. ಪಕ್ಕದಲ್ಲಿ ಅಪ್ಪನ ಅಕ್ಷರದಲ್ಲಿ ತಾರೀಕು, ಕಿಲೋಮೀಟರ್, ಒಂದರ ಕೆಳಗೆ ಒಂದು, ಅಂಚಿನ ಉದ್ದಕ್ಕೂ. ಬೆರಳಿನಲ್ಲಿ ಉಜ್ಜುವುದನ್ನಷ್ಟೇ ನಾವು ನೋಡಿದ್ದೆವು.

ಅಣ್ಣ ಪೆನ್ಸಿಲ್ ಕೇಳಿದ. ಕೊನೆಯ ಸಾಲಿನ ಕೆಳಗೆ ತನ್ನ ಗಾಡಿಯ ಕಿಲೋಮೀಟರ್ ಬರೆದ.