ಮಾಗಡಿ ಕೆರೆಗೆ ಹೊರಟವರಿಗೆ

ಮೊದಲೇ ಹೇಳಿಬಿಡುತ್ತೇನೆ, ಇದು ಬೆಂಗಳೂರು ಪಕ್ಕದ ಮಾಗಡಿಯಲ್ಲ. ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ. ಮ್ಯಾಪಿನಲ್ಲಿ ಜಿಲ್ಲೆ ನೋಡಿಕೊಂಡೇ ಹೊರಡಿ. ಗದಗದಿಂದ ಸುಮಾರು 26 ಕಿ.ಮೀ. ಜಗತ್ತಿನ ಮಹತ್ವದ ಜೌಗುನೆಲೆಗಳ ರಾಮ್ಸಾರ್ ಪಟ್ಟಿಗೆ 2024ರಲ್ಲಿ ಸೇರಿದ ಕೆರೆ ಇದು. ನಾವು ಹೋದದ್ದು ಪಟ್ಟೆತಲೆ ಹೆಬ್ಬಾತುಗಳಿಗಾಗಿ. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಚಳಿಗಾಲ ಕಳೆಯಲು ಬರುವ ಹಕ್ಕಿಗಳು.

ಹಿಂದೊಮ್ಮೆ ಹನ್ನೊಂದು ಗಂಟೆಗೆ ತಲುಪಿದ್ದೆ. ಬಾತುಗಳೆಲ್ಲ ಕುತ್ತಿಗೆ ಮಡಚಿ ನಿದ್ದೆಯಲ್ಲಿದ್ದವು, ನೀರಿನ ಮೇಲಿನ ಬಿಸಿಲಿಗೆ ಕಣ್ಣು ಬಿಡಲಾಗಲಿಲ್ಲ. ಹಾಗಾಗಿ ಈ ಸಲ ಹಿಂದಿನ ರಾತ್ರಿಯೇ ಗದಗದಲ್ಲಿ ಉಳಿದು, ಕತ್ತಲಿರುವಾಗಲೇ ಗಾಡಿ ಮಾಡಿಕೊಂಡು ಹೊರಟೆವು. ನೀವೂ ಹಾಗೇ ಮಾಡಿ. ಈ ಹಕ್ಕಿಗಳು ಮೇಯುವುದು ಸುತ್ತಲ ಹೊಲಗಳಲ್ಲಿ, ವಿಶ್ರಾಂತಿಗೆ ಮಾತ್ರ ಕೆರೆ. ನೋಡಬೇಕಾದದ್ದು ಅವು ಬೆಳಗ್ಗೆ ಹೊಲದಿಂದ ಮರಳುವ ಹೊತ್ತು.

ಪೂರ್ವದ ದಂಡೆಯಲ್ಲಿ, ಸೂರ್ಯನಿಗೆ ಬೆನ್ನು ಹಾಕಿ ಕೂತಿದ್ದೆವು. ಮೊದಲು ಕೇಳಿಸಿದ್ದು ಸದ್ದು. ಮೂಗಿನಿಂದ ಹೊರಟಂಥ ಆಂಗ್ ಆಂಗ್ ಎಂಬ ಕೂಗು, ಎಲ್ಲೋ ಬೆನ್ನ ಹಿಂದೆ. ತಿರುಗುವಷ್ಟರಲ್ಲಿ ತಲೆಯ ಮೇಲೆ ಸಾಲು ಬಂದೇಬಿಟ್ಟಿತು. ಕೆರೆಯ ಮೇಲೆ ಬಂದೊಡನೆ ಕೆಲವು ರೆಕ್ಕೆ ಓರೆ ಮಾಡಿ, ಗಾಳಿ ಸೋರಿದ ಪಟದಂತೆ ಜಾರಿಳಿದವು. ಕಿತ್ತಳೆ ಕಾಲು ಮುಂದೆ ಚಾಚಿ ನೀರು ಸೀಳಿ ನಿಂತವು. ಬಿಳಿ ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆ, ಕಾಡಿಗೆ ಬೆರಳಲ್ಲಿ ಎಳೆದಷ್ಟು ಸ್ಪಷ್ಟ.

ಇನ್ನೂ ನಾಲ್ಕು ಹೆಜ್ಜೆ ಮುಂದಿಟ್ಟಾಗ ದನ ಹೊಡೆದುಕೊಂಡು ಬಂದ ಅಜ್ಜ ತಡೆದರು. "ತಮ್ಮಾ, ಮುಂದ ಹೋಗಬ್ಯಾಡ, ಎದ್ದು ಹೊಕ್ಕಾವ." ಹತ್ತಿರದ ಹಕ್ಕಿಗಳು ಆಗಲೇ ಕತ್ತೆತ್ತಿ ನೆಟ್ಟಗೆ ನಿಂತಿದ್ದವು. ಹಾರುವ ಮುಂಚಿನ ಸೂಚನೆ ಅದೇ. ಅದು ಕಂಡರೆ ಅಲ್ಲೇ ಕೂತುಬಿಡಿ. ಸಾವಿರಾರು ಮೈಲಿ ಹಾರಿ ಬಂದವನ್ನು ಒಂದು ಫೋಟೋಗಾಗಿ ಎಬ್ಬಿಸುವುದು ನನಗಂತೂ ಸರಿಕಾಣದು. ಅಂದಹಾಗೆ, ಈ ಬಾತುಗಳು ಎಳೆ ಪೈರು ಮೇಯ್ದರೆ ನಷ್ಟ ರೈತರದೇ. ಅವರ ಬದುವಿನ ಮೇಲೆ ಕೇಳದೆ ಗಾಡಿ ನಿಲ್ಲಿಸಬೇಡಿ.

8x42, ಅಂದರೆ ಎಂಟು ಪಟ್ಟು ಹಿಗ್ಗಿಸಿ ತೋರುವ, 42 ಮಿ.ಮೀ. ಮಸೂರದ ಬೈನಾಕ್ಯುಲರ್ ಸಾಕು. ಟ್ರೈಪಾಡ್ ಮೇಲಿನ ಸ್ಪಾಟಿಂಗ್ ಸ್ಕೋಪ್ (ಹಕ್ಕಿ ನೋಡುವ ದೂರದರ್ಶಕ) ಸಿಕ್ಕರೆ ಕೊರಳುಗಳನ್ನು ಒಂದೊಂದಾಗಿ ನೋಡಿ. ಮಂಗೋಲಿಯಾದಲ್ಲಿ ಸಂಕೇತ ಬರೆದ ಕೊರಳುಪಟ್ಟಿ ತೊಡಿಸಿದ ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದುಂಟು. ಕಂಡರೆ ಅಕ್ಷರ, ಅಂಕಿ, ಪಟ್ಟಿಯ ಬಣ್ಣ ಬರೆದುಕೊಂಡು ಹಕ್ಕಿ ದಾಖಲೆಗಳ ಜಾಲತಾಣ ಇ-ಬರ್ಡ್‌ನಲ್ಲಿ ದಾಖಲಿಸಿ. ಚಲುಕ ಬಾತು, ಸೂಜಿಬಾಲದ ಬಾತುಗಳೂ ನೋಡಸಿಗಬಹುದು.

ಡಿಸೆಂಬರ್, ಜನವರಿ ಒಳ್ಳೆಯ ಕಾಲ. ಸ್ವೆಟರ್, ನೀರು, ಬುತ್ತಿ ಕಟ್ಟಿಕೊಂಡೇ ಹೋಗಿ. ಬಿಸಿಲೇರಿದ ಮೇಲೆ ನಾವು ಲಕ್ಕುಂಡಿಯ ದೇವಾಲಯಗಳನ್ನು ನೋಡಿ ಬಂದೆವು. ಸಂಜೆ ಬಾತುಗಳು ಹೊಲಕ್ಕೇಳುವುದನ್ನೂ ನೋಡುವ ಆಸೆಯಿದ್ದರೆ, ವಾಪಸು ಬಸ್ಸಿನ ಹೊತ್ತನ್ನು ಬೆಳಗ್ಗೆಯೇ ಕೇಳಿಟ್ಟುಕೊಳ್ಳಿ.