ಗಣಪ ಯಾರನ್ನು ನೋಡ್ತಾನೆ?

ಮುಂಬೈಯ ಲಾಲ್‌ಬಾಗಿನ ಒಂದು ಗಣಪತಿ ಕಾರ್ಖಾನೆಯಲ್ಲಿ ಕಣ್ಣು ಬರೆಯುವುದು ನನ್ನ ಕೆಲಸ. ಇಲ್ಲಿ ಅದಕ್ಕೆ ಆಖಣಿ ಅಂತಾರೆ. ಮೈಬಣ್ಣ, ಪೀತಾಂಬರ, ಕಿರೀಟ ಎಲ್ಲ ಮುಗಿದ ಮೇಲೆ ಶಾಡು ಮಣ್ಣಿನ ಮೂರ್ತಿ ನನ್ನ ಕೈಗೆ ಬರುತ್ತದೆ. ಮೊದಲು ಬಿಳಿ, ಆಮೇಲೆ ರೆಪ್ಪೆಯ ಗೆರೆ, ಕಂದು, ಅದರೊಳಗೆ ಕಪ್ಪು. ಕೊನೆಗೆ ಝೀರೋ ನಂಬರ್ ಬ್ರಷ್ಷಿನಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ. ಅದನ್ನಿಟ್ಟ ಮೇಲೆ ಮೂರ್ತಿಗೆ ಬೆನ್ನು ಹಾಕಿ ನಿಲ್ಲಲು ನನಗೆ ಮನಸ್ಸು ಬರೋದಿಲ್ಲ.

ಕುಮಟಾದಿಂದ ಬಂದ ಹೊಸದರಲ್ಲಿ ಕೈಚಳಕವೇ ಕಲೆ ಅಂದುಕೊಂಡಿದ್ದೆ. ಎರಡೂ ಕಣ್ಣು ಒಂದೇ ಅಳತೆ, ಗೆರೆ ನಡುಗಬಾರದು, ಅಷ್ಟೇ. ಒಂದು ವರ್ಷ ಹಬ್ಬ ಕಳೆದ ಮೇಲೆ ಮಂಗಳೂರು ಕಡೆಯ ಅಜ್ಜಿಯೊಬ್ಬರು ಬಂದರು. "ಕಣ್ಣು ಚಂದ ಇತ್ತು ಮಾರಾಯ. ಆದ್ರೆ ಐದು ದಿನದಲ್ಲಿ ಅವ ಒಮ್ಮೆಯೂ ನಮ್ಮನ್ನು ನೋಡ್ಲಿಲ್ಲ" ಅಂದರು.

ಅವರದು ಚಾಳಿನ ಒಂದೇ ಕೋಣೆಯ ಮನೆ. ಜಾಗ ಸಾಲದೆ ಗಣಪನನ್ನು ಕಪಾಟಿನ ಮೇಲೆ ಕೂರಿಸಿದ್ದರು. ಮನೆಯವರೆಲ್ಲ ನೆಲದ ಮೇಲೆ. ನಾನು ಬರೆದದ್ದು ಮೇಜಿನ ಮೇಲಿಟ್ಟು, ನನ್ನ ಕಣ್ಣಿನ ಮಟ್ಟಕ್ಕೆ. ಗಣಪನ ನೋಟ ಅವರ ತಲೆಯ ಮೇಲಿಂದ ಎದುರಿನ ಗೋಡೆಗೆ ಹೋಗಿತ್ತು! ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಈಗ ಮೊದಲು ಕೇಳೋದೇ "ಎಲ್ಲಿ ಕೂರಿಸ್ತೀರಿ, ಎಷ್ಟು ಎತ್ತರ?" ಕಪಾಟಿಗಾದರೆ ಕಪ್ಪನ್ನು ಕೂದಲೆಳೆಯಷ್ಟು ಕೆಳಗಿಳಿಸಿ, ಮೇಲಿನ ರೆಪ್ಪೆಯನ್ನು ತುಸು ಬಾಗಿಸುತ್ತೇನೆ. ಮಂಡಳದ ದೊಡ್ಡ ಮೂರ್ತಿಯಾದರೆ ಅಟ್ಟಣಿಗೆ ಹತ್ತಿ ಒಂದು ಗೆರೆ, ಇಳಿದು ಬಾಗಿಲ ಹತ್ತಿರದಿಂದ ನೋಟ, ಮತ್ತೆ ಹತ್ತೋದು. ಹತ್ತಿರದಿಂದ ಆ ಕಣ್ಣು ನಿದ್ದೆಗಣ್ಣಿನ ಹಾಗೆ ಕಾಣುತ್ತದೆ. ಸರತಿಯಲ್ಲಿ ನಿಂತವರಿಗೆ ಅದೇ ಸರಿ.

ಕಲೆ ಅಂದರೆ ಕಲಾವಿದ ತನ್ನ ಮನಸ್ಸು ತೋಡಿಕೊಳ್ಳುವುದು ಅಂತಾನೆ ಇಲ್ಲಿನ ಜೆ.ಜೆ. ಕಲಾಶಾಲೆಯಲ್ಲಿ ಓದಿದ ಗೆಳೆಯ. ಅರ್ಧ ಒಪ್ಪುತ್ತೇನೆ. ಅವನ ಜೊತೆಗೇ ದೋಣಿ ಹತ್ತಿ ಎಲಿಫೆಂಟಾ ಗುಹೆಗಳಿಗೆ ಹೋಗಿದ್ದೆ. ಸುಮಾರು 20 ಅಡಿಯ ತ್ರಿಮೂರ್ತಿ. ನಡುವಿನ ಮುಖ ಕಣ್ಣು ಮುಚ್ಚಿದೆ, ಯಾರನ್ನೂ ನೋಡೋದಿಲ್ಲ. ಆದರೂ ಗಲಾಟೆ ಮಾಡುತ್ತಾ ಬಂದ ನಾವಿಬ್ಬರೂ ಅಲ್ಲಿ ದನಿ ತಗ್ಗಿಸಿದೆವು. ಕೆತ್ತಿದವರು ಅಲ್ಲಿ ತಮ್ಮ ಹೆಸರು ಬರೆದಿಲ್ಲ. ಆದರೆ ಬಂದವರು ಎಲ್ಲಿ ನಿಲ್ತಾರೆ ಅಂತ ಅವರಿಗೆ ಗೊತ್ತಿತ್ತು, ಅಲ್ವಾ?

ಮರುವರ್ಷ ಅಜ್ಜಿ ಮೂರ್ತಿ ಒಯ್ಯಲು ಬಂದಾಗ ನಾನು ಅದನ್ನು ಕಾರ್ಖಾನೆಯ ಕಪಾಟಿನ ಮೇಲಿಟ್ಟೆ. ಕೆಳಗೆ ಚಾಪೆ ಹಾಸಿ, ಕೂತು ನೋಡಿ ಅಂದೆ. ಕೂತರು. ತುಂಬ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಮೆಲ್ಲಗೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು.